ಹಾಲು ತೆಳ್ಳಗಿದೆ ಎಂದರೆ ತಾಯಿಯ ಊಟ ಸಾಲದು ಎಂದೇ?

ಪ್ರಶ್ನೆ: ನನ್ನ ಮಗಳಿಗೆ ಈಗ ಮೂರು ತಿಂಗಳು. ಹುಟ್ಟಿದಾಗ 2.9 ಕಿಲೋ ಇದ್ದಳು, ಈಗ 5.6 ಕಿಲೋ. ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ. ಹಿಂಡಿ ತೆಗೆದಿಟ್ಟ ಹಾಲು ನೀರಿನಂತೆ, ಸ್ವಲ್ಪ ನೀಲಿಯಾಗಿ ಕಾಣುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರಿಂದ ಒಂದು ಪ್ರಯೋಗಾಲಯಕ್ಕೆ ಮಾದರಿ ಕೊಟ್ಟೆ. ಕೊಬ್ಬು ಶೇ 2.4 ಎಂದು ವರದಿ ಬಂದಿದೆ. ಪಕ್ಕದಲ್ಲಿ ‘ಕಡಿಮೆ’ ಎಂದು ಕೆಂಪು ಗುರುತು ಹಾಕಿದ್ದಾರೆ. ನಾನು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ಹಾಲು, ಮೊಸರು ಕೂಡ ಅಷ್ಟಕ್ಕಷ್ಟೇ. ನನ್ನ ಊಟದಿಂದಲೇ ಹಾಲು ಸತ್ವ ಕಳೆದುಕೊಂಡಿದೆಯೇ? ಹೆಚ್ಚು ತಿಂದು, ಹೆಚ್ಚು ನೀರು ಕುಡಿದರೆ ಸರಿಹೋಗುತ್ತದೆಯೇ? ಎದೆಹಾಲಿನಲ್ಲಿರುವ ವಿಶೇಷ ಸಕ್ಕರೆ ಬೆರೆಸಿದ ಪುಡಿಹಾಲು ಸಿಗುತ್ತದಂತೆ, ಅದಕ್ಕೆ ಬದಲಾಯಿಸಲೇ? ಎದೆಹಾಲು ಕುಡಿದ ಮಕ್ಕಳು ಬುದ್ಧಿವಂತರಾಗುತ್ತಾರೆ ಎನ್ನುತ್ತಾರಲ್ಲ, ಅದು ನನ್ನಂಥವರ ಹಾಲಿಗೂ ಅನ್ವಯಿಸುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಅಳತೆಗಳಿವೆ. ಒಂದು, ಕೆಂಪು ಗುರುತಿನ ಶೇ 2.4. ಇನ್ನೊಂದು, ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ಮಗುವಿನ ತೂಕ. ನಾನು ಎರಡನೆಯದನ್ನು ಓದಿ ಮೊದಲನೆಯದನ್ನು ಪಕ್ಕಕ್ಕಿಟ್ಟೆ. ಮೂರು ತಿಂಗಳಲ್ಲಿ 2.7 ಕಿಲೋ ಹೆಚ್ಚಿದೆ, ಅದೂ ಎದೆಹಾಲೊಂದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಪಟ್ಟಿಯಲ್ಲಿ ಮೂರು ತಿಂಗಳ ಹೆಣ್ಣುಮಗುವಿನ ನಡುಮಟ್ಟದ ತೂಕ ಸುಮಾರು 5.8 ಕಿಲೋ. ಹುಟ್ಟುವಾಗ ನಡುಮಟ್ಟಕ್ಕಿಂತ ತುಸು ಕೆಳಗಿದ್ದ ನಿಮ್ಮ ಮಗಳು ಈಗಲೂ ತುಸು ಕೆಳಗೇ, ತನ್ನ ಗೆರೆಯಲ್ಲೇ ಇದ್ದಾಳೆ. ಆ ಪಟ್ಟಿ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದ ಸುಮಾರು 8,500 ಮಕ್ಕಳನ್ನು ಅಳೆದು ಮಾಡಿದ್ದು ಅದು. ಎದೆಹಾಲು ಕುಡಿದು ಬೆಳೆದ ಮಕ್ಕಳನ್ನೇ ಮಾದರಿಯಾಗಿ ಇಟ್ಟುಕೊಂಡದ್ದು ಅದರ ವಿಶೇಷ. ಹಾಲಿನಲ್ಲಿ ಶಕ್ತಿ ಇಲ್ಲದಿದ್ದರೆ ಈ ತೂಕ ಎಲ್ಲಿಂದ ಬರಬೇಕು?

ಹಾಗಾದರೆ ವರದಿ ಸುಳ್ಳೇ? ಯಂತ್ರ ಸುಳ್ಳು ಹೇಳಿರಲಾರದು. ಕೊಟ್ಟ ಚಮಚ ಹಾಲಿನಲ್ಲಿ ಅಷ್ಟೇ ಕೊಬ್ಬು ಇದ್ದಿರಬಹುದು. ತಪ್ಪು ಇರುವುದು ಆ ಚಮಚವನ್ನೇ ‘ನಿಮ್ಮ ಹಾಲು’ ಎಂದು ಕರೆದದ್ದರಲ್ಲಿ. ಎದೆಹಾಲಿನಲ್ಲಿ ಅತ್ಯಂತ ಚಂಚಲವಾದ ಅಂಶವೆಂದರೆ ಕೊಬ್ಬು. ಸ್ತನ ತುಂಬಿ ಬಿಗಿದಿರುವಾಗ ಮೊದಲು ಬರುವ ಹಾಲಿನಲ್ಲಿ ಅದು ಕಡಿಮೆ. ಬರಿದಾಗುತ್ತ ಹೋದಂತೆ ಏರುತ್ತ ಹೋಗಿ, ಒಂದೇ ಹೊತ್ತಿನ ಹಾಲೂಡಿಕೆಯ ಕೊನೆಗೆ ಎರಡು ಮೂರು ಪಟ್ಟಾಗುವುದೂ ಉಂಟು. ಬೆಳಗಿನದಕ್ಕೂ ಸಂಜೆಯದಕ್ಕೂ, ಎಡಕ್ಕೂ ಬಲಕ್ಕೂ ವ್ಯತ್ಯಾಸ ಇರುತ್ತದೆ. ನೀವು ರಾತ್ರಿಯ ಉದ್ದದ ನಿದ್ದೆಯ ನಂತರ, ತುಂಬಿದ ಎದೆಯಿಂದ ಮೊದಲ ನಾಲ್ಕು ಹನಿ ಹಿಂಡಿ ಕೊಟ್ಟಿದ್ದರೆ ಶೇ 2.4 ಬರುವುದರಲ್ಲಿ ಅಚ್ಚರಿ ಏನಿಲ್ಲ. ನೀಲಿ ಛಾಯೆಯೂ ಅದರದ್ದೇ. ಕೊಬ್ಬಿನ ಹನಿಗಳು ವಿರಳವಾದಾಗ, ಕೇಸಿನ್ ಎಂಬ ಪ್ರೋಟೀನಿನ ಸಣ್ಣ ಕಣಗಳು ಬೆಳಕಿನ ನೀಲಿ ಭಾಗವನ್ನು ಹೆಚ್ಚು ಚದುರಿಸುವುದು ಕಣ್ಣಿಗೆ ಬೀಳುತ್ತದೆ. ಕೆನೆ ತೆಗೆದ ಹಸುವಿನ ಹಾಲೂ ಹೀಗೆಯೇ ನೀಲಿಯಾಗಿ ಕಾಣುತ್ತದೆ.

ಆಸ್ಟ್ರೇಲಿಯಾದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ನಾನು ಇಂಥ ಪ್ರಶ್ನೆ ಬಂದಾಗಲೆಲ್ಲ ನೆನೆಯುತ್ತೇನೆ. ಒಂದರಿಂದ ಆರು ತಿಂಗಳ, ಎದೆಹಾಲು ಮಾತ್ರ ಕುಡಿಯುವ 71 ಶಿಶುಗಳನ್ನು ಒಂದಿಡೀ ದಿನ, ಪ್ರತಿ ಸಲ ಹಾಲು ಕುಡಿಯುವ ಮೊದಲು ಮತ್ತು ನಂತರ ತೂಗಿ ನೋಡಿದರು. ದಿನಕ್ಕೆ ಸರಾಸರಿ 788 ಗ್ರಾಂ ಹಾಲು. ಆದರೆ ಒಂದು ಮಗು ಕುಡಿದದ್ದು 478 ಗ್ರಾಂ, ಮತ್ತೊಂದು 1,356 ಗ್ರಾಂ. ಕೊಬ್ಬು ಸರಾಸರಿ ಲೀಟರಿಗೆ 41 ಗ್ರಾಂ. ಆದರೆ ತಾಯಿಯಿಂದ ತಾಯಿಗೆ ಅದು 22ರಿಂದ 61 ಗ್ರಾಂವರೆಗೆ ಹರಡಿತ್ತು. ನಿಮ್ಮ 24 ಗ್ರಾಂ ಅಲ್ಲಿಯೇ ಒಳಗೆ ಕುಳಿತುಕೊಳ್ಳುತ್ತದೆ, ಅದೂ ಅದನ್ನು ಇಡೀ ದಿನದ ಸರಾಸರಿ ಎಂದು ಒಪ್ಪಿದರೆ! ಮಕ್ಕಳು ಎದೆಯಲ್ಲಿದ್ದ ಹಾಲನ್ನೆಲ್ಲ ಬಸಿದು ಕುಡಿಯಲಿಲ್ಲ ಎಂಬುದೂ ಅಲ್ಲಿ ಕಂಡಿತು. ಸಿಗುವ ಹಾಲಿನಲ್ಲಿ ಸರಾಸರಿ ಮೂರನೆಯ ಎರಡು ಭಾಗ ಕುಡಿದು ಉಳಿದದ್ದನ್ನು ಅವು ಬಿಟ್ಟಿದ್ದವು. ಅಂದರೆ ಎಷ್ಟು ಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಹೊಟ್ಟೆ, ಪಾತ್ರೆಯಲ್ಲ.

ಇನ್ನೂ ಒಂದು ಮಾತು ಆ ಕೆಂಪು ಗುರುತಿನ ಬಗ್ಗೆ. ಎದೆಹಾಲಿನಲ್ಲಿ ಯಾವ ಪೋಷಕಾಂಶ ಎಷ್ಟಿರಬೇಕು ಎಂಬುದಕ್ಕೆ ಬಹುಕಾಲ ಬಳಕೆಯಲ್ಲಿದ್ದ ಅಂಕಿಗಳು ಸಣ್ಣ ಗುಂಪುಗಳಿಂದ, ಬೇರೆ ಬೇರೆ ವಿಧಾನಗಳಿಂದ ಬಂದವು. ಅದನ್ನು ಸರಿಪಡಿಸಲೆಂದೇ ಲಿಂಡ್ಸೆ ಆಲೆನ್ ಎಂಬ ಪೋಷಣಾ ವಿಜ್ಞಾನಿಯ ನೇತೃತ್ವದಲ್ಲಿ ಬಾಂಗ್ಲಾದೇಶ, ಬ್ರೆಜಿಲ್, ಡೆನ್ಮಾರ್ಕ್ ಮತ್ತು ಗ್ಯಾಂಬಿಯಾ ದೇಶಗಳ ತಾಯಂದಿರ ಹಾಲನ್ನು ಒಂದೇ ಕ್ರಮದಲ್ಲಿ ಅಳೆಯುವ ದೊಡ್ಡ ಯೋಜನೆಯೊಂದನ್ನು ನಡೆಸಬೇಕಾಯಿತು. ವಿಜ್ಞಾನಿಗಳೇ ಇಷ್ಟು ಎಚ್ಚರದಿಂದ ಹೆಜ್ಜೆ ಇಡುವಲ್ಲಿ ಒಂದು ಚಮಚ ಹಾಲು ನೋಡಿ ‘ಕಡಿಮೆ’ ಎಂದು ಬರೆದುಕೊಡುವ ಧೈರ್ಯ ನನಗಂತೂ ಇಲ್ಲ.

ಮನುಷ್ಯರ ಹಾಲು ತೆಳ್ಳಗಿರುವುದೇ ಸರಿ. ಅದರ ಶೇ 87 ಭಾಗ ನೀರು. ಪ್ರೋಟೀನು ಶೇ 1ರಷ್ಟು. ಹಸುವಿನ ಹಾಲಿನಲ್ಲಿ ಅದು ಶೇ 3ಕ್ಕೂ ಹೆಚ್ಚು. ಕರು ಹುಟ್ಟಿದಾಗಿನ ತೂಕವನ್ನು ಎರಡು ತಿಂಗಳೊಳಗೆ ಇಮ್ಮಡಿ ಮಾಡಿಕೊಳ್ಳುತ್ತದೆ. ನಮ್ಮ ಕೂಸಿಗೆ ನಾಲ್ಕೈದು ತಿಂಗಳು ಹಿಡಿಯುತ್ತದೆ. ಹಿಮದ ಮೇಲೆ ಮರಿಹಾಕುವ ಹುಡೆಡ್ ಸೀಲ್ ಎಂಬ ಕಡಲಪ್ರಾಣಿ ತನ್ನ ಮರಿಗೆ ಹಾಲೂಡಿಸುವುದು ಬರೀ ನಾಲ್ಕು ದಿನ. ಅದರ ಹಾಲಿನಲ್ಲಿ ಸುಮಾರು ಶೇ 60 ಕೊಬ್ಬು, ಬೆಣ್ಣೆಗೆ ಹತ್ತಿರ. ತಣ್ಣೀರಿಗೆ ಬೀಳುವ ಮೊದಲು ಮರಿ ಕೊಬ್ಬೇರಬೇಕು. ನಮ್ಮ ಮಕ್ಕಳಿಗೆ ಅಂಥ ಅವಸರವಿಲ್ಲ. ಅವು ನಿಧಾನವಾಗಿ ಬೆಳೆಯುತ್ತವೆ, ಮತ್ತೆ ಮತ್ತೆ ಎದೆಗೆ ಬರುತ್ತವೆ. ಮೇಲೆ ಹೇಳಿದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ದಿನಕ್ಕೆ ಸರಾಸರಿ ಹನ್ನೊಂದು ಸಲ ಕುಡಿದಿದ್ದವು. ಪದೇ ಪದೇ ಸಣ್ಣ ಊಟ ಮಾಡುವವರಿಗೆ ತೆಳ್ಳಗಿನ ಹಾಲೇ ತಕ್ಕದ್ದು.

ಈಗ ನಿಮ್ಮ ಊಟದ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ‘ಹೌದು’ ಎಂದೂ ‘ಇಲ್ಲ’ ಎಂದೂ ಒಂದೇ ಮಾತಿನಲ್ಲಿ ಹೇಳಲಾಗದು. ಹಾಲಿನ ಕೆಲವು ಅಂಶಗಳು ತಾಯಿಯ ತಟ್ಟೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಕೆಲವು ಪೂರ್ತಿ ಅದನ್ನೇ ನಂಬಿರುತ್ತವೆ.

ಮೊದಲನೆಯ ಗುಂಪಿನ ಮುಂದಾಳು ಲ್ಯಾಕ್ಟೋಸ್, ಹಾಲಿನ ಸಕ್ಕರೆ. ಸ್ತನದ ಜೀವಕೋಶಗಳು ಅದನ್ನು ರಕ್ತದ ಗ್ಲುಕೋಸಿನಿಂದ ತಾವೇ ತಯಾರಿಸುತ್ತವೆ. ತಯಾರಾದ ಲ್ಯಾಕ್ಟೋಸ್ ತನ್ನತ್ತ ನೀರನ್ನು ಎಳೆದುಕೊಳ್ಳುತ್ತದೆ. ಹಾಲಿನ ಪ್ರಮಾಣ ನಿರ್ಧಾರವಾಗುವುದು ಬಹುಮಟ್ಟಿಗೆ ಹೀಗೆ. ಸಕ್ಕರೆ ಹೆಚ್ಚಾದರೆ ನೀರೂ ಅದಕ್ಕೆ ತಕ್ಕಂತೆ ಬರುವುದರಿಂದ ಲ್ಯಾಕ್ಟೋಸಿನ ಸಾಂದ್ರತೆ ಶೇ 7ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಪ್ರೋಟೀನೂ ಊಟಕ್ಕೆ ಅಷ್ಟಾಗಿ ಅಲುಗುವುದಿಲ್ಲ. ಕೊಬ್ಬಿನ ಒಟ್ಟು ಪ್ರಮಾಣ ಇಂದು ಏನು ತಿಂದಿರಿ ಎಂಬುದಕ್ಕಿಂತ ಎದೆ ಎಷ್ಟು ಬರಿದಾಗಿದೆ, ನಿಮ್ಮ ಮೈಯಲ್ಲಿ ಎಷ್ಟು ಸಂಗ್ರಹವಿದೆ ಎಂಬುದನ್ನು ಅವಲಂಬಿಸುತ್ತದೆ. ಗುರುತು ಹಚ್ಚಬಹುದಾದ ಕೊಬ್ಬಿನ ಅಣುಗಳನ್ನು ತಾಯಂದಿರಿಗೆ ತಿನ್ನಿಸಿ ಹಾಲಿನಲ್ಲಿ ಹುಡುಕಿದಾಗ, ಲಿನೊಲೆಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ನೇರವಾಗಿ ಊಟದಿಂದ ಬಂದದ್ದು ಎಂದು ಕಂಡಿತು. ಉಳಿದದ್ದೆಲ್ಲ ಮೈಯ ಹಳೆಯ ದಾಸ್ತಾನು. ಕಬ್ಬಿಣ, ಸತು, ಕ್ಯಾಲ್ಸಿಯಂ, ಫೋಲೇಟ್ ಕೂಡ ಇದೇ ಗುಂಪಿನವು.

ಈ ವಿಷಯದಲ್ಲಿ ಗ್ಯಾಂಬಿಯಾದ ಕೆನೆಬಾ ಎಂಬ ಹಳ್ಳಿ ನಮ್ಮೆಲ್ಲರ ಪಾಠಶಾಲೆ. ಹಸಿವಿನ ತಿಂಗಳುಗಳಲ್ಲಿ ಹೊಲದಲ್ಲಿ ದುಡಿಯುತ್ತ, ಕಡಿಮೆ ತಿನ್ನುತ್ತ, ಮಕ್ಕಳಿಗೆ ಹಾಲೂಡಿಸುತ್ತಿದ್ದ ಅಲ್ಲಿನ ತಾಯಂದಿರನ್ನು ಆಂಡ್ರ್ಯೂ ಪ್ರೆಂಟಿಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಊಟ ಹೆಚ್ಚಿಸಿದರೆ ಹಾಲು ಹೆಚ್ಚೀತು ಎಂಬುದು ಎಲ್ಲರ ಎಣಿಕೆಯಾಗಿತ್ತು. ದಿನಕ್ಕೆ ಸುಮಾರು 700 ಕಿಲೋ ಕ್ಯಾಲೊರಿ ಹೆಚ್ಚುವರಿ ಆಹಾರ ಕೊಟ್ಟರು. 1983ರಲ್ಲಿ ಬಂದ ಫಲಿತಾಂಶ: ಹಾಲಿನ ಪ್ರಮಾಣ ಏರಲಿಲ್ಲ. ಕ್ಯಾಲ್ಸಿಯಂ ವಿಷಯದಲ್ಲೂ ಅಷ್ಟೇ. ಅದೇ ಊರಿನಲ್ಲಿ ಆ್ಯನ್ ಪ್ರೆಂಟಿಸ್ ಅವರ ತಂಡ, ಕ್ಯಾಲ್ಸಿಯಂ ತೀರ ಕಡಿಮೆ ತಿನ್ನುತ್ತಿದ್ದ ತಾಯಂದಿರಿಗೆ ಅದನ್ನು ಹೆಚ್ಚಾಗಿ ಕೊಟ್ಟು ನೋಡಿದಾಗ ಹಾಲಿನ ಕ್ಯಾಲ್ಸಿಯಂ ಬದಲಾಗಲಿಲ್ಲ.

ಇದನ್ನು ಕೇಳಿ ಕೆಲವರು ‘ಹಾಗಾದರೆ ಬಾಣಂತಿಗೆ ಏನು ಕೊಟ್ಟರೂ ನಡೆಯುತ್ತದೆ’ ಎಂದುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿ. ಹಾಲು ಕೆಡುವುದಿಲ್ಲ ಎಂದರೆ ಬಿಟ್ಟಿಯಾಗಿ ಬರುತ್ತದೆ ಎಂದಲ್ಲ, ಬೆಲೆಯನ್ನು ತಾಯಿಯ ಮೈ ಕಟ್ಟುತ್ತಿದೆ ಎಂದು. ಹಾಲೂಡಿಸುವಾಗ ಸ್ತನವೇ ಒಂದು ಹಾರ್ಮೋನಿನಂಥ ವಸ್ತುವನ್ನು ರಕ್ತಕ್ಕೆ ಬಿಟ್ಟು, ಎಲುಬಿನಿಂದ ಕ್ಯಾಲ್ಸಿಯಂ ಬಿಡಿಸಿ ತರಿಸಿಕೊಳ್ಳುತ್ತದೆ. ಆರು ತಿಂಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಶೇ 3ರಿಂದ 5, ಕೆಲವರಲ್ಲಿ ಇನ್ನೂ ಹೆಚ್ಚು ಇಳಿಯುತ್ತದೆ. ಹಾಲು ಬಿಡಿಸಿದ ಮೇಲೆ ಅದು ಮತ್ತೆ ತುಂಬಿಕೊಳ್ಳುತ್ತದೆ ಎಂಬುದು ಪ್ರಕೃತಿಯ ದೊಡ್ಡತನ. ಶಕ್ತಿಯ ಲೆಕ್ಕವೂ ಹಾಗೆಯೇ. ದಿನಕ್ಕೆ ಮುಕ್ಕಾಲು ಲೀಟರ್ ಹಾಲು ತಯಾರಿಸಲು ಸುಮಾರು 500 ಕಿಲೋ ಕ್ಯಾಲೊರಿಗೂ ಹೆಚ್ಚು ಬೇಕು. ಸ್ವಲ್ಪ ಭಾಗ ಗರ್ಭಕಾಲದಲ್ಲಿ ಕೂಡಿಟ್ಟ ಕೊಬ್ಬಿನಿಂದ, ಉಳಿದದ್ದು ಊಟದಿಂದ ಬರಬೇಕು. ಕೂಡಿಟ್ಟದ್ದೂ ಇಲ್ಲದ, ಊಟವೂ ಇಲ್ಲದ ತಾಯಿಯ ಕಥೆಯೇ ಬೇರೆ. ಗ್ವಾಟೆಮಾಲಾದಲ್ಲಿ ಸೊರಗಿದ ತಾಯಂದಿರಿಗೆ ಹೆಚ್ಚುವರಿ ಆಹಾರ ಕೊಟ್ಟಾಗ ಮಕ್ಕಳು ಕುಡಿಯುವ ಹಾಲು ಸ್ವಲ್ಪ ಹೆಚ್ಚಿದ್ದು ಕಂಡುಬಂದಿದೆ. ಆದ್ದರಿಂದ ನೀವು ಹಸಿವಾದಷ್ಟು ತಿನ್ನಿ, ಒಂದು ಹೊತ್ತನ್ನೂ ತಪ್ಪಿಸಬೇಡಿ. ಆದರೆ ‘ಹಾಲಿಗೆ’ ಎಂದು ಬೇಡದ ಹೊಟ್ಟೆಗೆ ತುರುಕಬೇಡಿ. ಅದು ಹಾಲಾಗುವುದಿಲ್ಲ, ನಿಮ್ಮ ಸೊಂಟದಲ್ಲಿ ಉಳಿಯುತ್ತದೆ.

ನೀರಿನ ಮಾತು ಚಿಕ್ಕದು. ಬಾಯಾರಿದಾಗ ಕುಡಿಯಿರಿ. ಬಾಯಾರಿಕೆಗಿಂತ ಹೆಚ್ಚು ಕುಡಿಸಿ ನೋಡಿದ ಪ್ರಯೋಗದಲ್ಲಿ ಹಾಲು ಹೆಚ್ಚಲಿಲ್ಲ.

ಪ್ರಮಾಣವನ್ನು ಹೆಚ್ಚಿಸುವುದು ಎದೆ ಬರಿದಾಗುವ ಕ್ರಿಯೆ. ಹಾಲು ತುಂಬಿಕೊಂಡು ನಿಂತಷ್ಟೂ ಒಳಗಿನ ಉತ್ಪತ್ತಿ ನಿಧಾನವಾಗುತ್ತದೆ, ಹೊರಗೆ ಹೋದಷ್ಟೂ ಚುರುಕಾಗುತ್ತದೆ. ಎಡ ಮತ್ತು ಬಲ ಸ್ತನಗಳು ಈ ಲೆಕ್ಕವನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತವೆ. ಒಂದನ್ನೇ ಮಗು ಇಷ್ಟಪಟ್ಟರೆ ಇನ್ನೊಂದು ಸೊರಗುವುದು ಇದರಿಂದಲೇ. ಹಾಲು ಸಾಲದು ಎಂಬ ಅನುಮಾನಕ್ಕೆ ಮಧ್ಯೆ ಒಂದು ಬಾಟಲಿ ಪುಡಿಹಾಲು ಕೊಟ್ಟಾಗ ಆಗುವ ಅನಾಹುತವೂ ಇದೇ. ಆ ಹೊತ್ತಿನ ಹಾಲು ಎದೆಯಲ್ಲೇ ಉಳಿಯುತ್ತದೆ, ಉತ್ಪತ್ತಿ ಇಳಿಯುತ್ತದೆ, ವಾರ ಕಳೆಯುವಷ್ಟರಲ್ಲಿ ಅನುಮಾನ ನಿಜವಾಗಿಬಿಡುತ್ತದೆ. ‘ಹಾಲು ಸಾಲದು’ ಎಂದು ಎದೆಹಾಲು ನಿಲ್ಲಿಸಿದ ಎಷ್ಟೋ ತಾಯಂದಿರೊಂದಿಗೆ ನಾನು ಮಾತಾಡಿದ್ದೇನೆ. ಅವರಲ್ಲಿ ಬಹುತೇಕರ ಹಾಲನ್ನು ಯಾರೂ ಅಳೆದಿರಲಿಲ್ಲ. ಅಳೆಯಲು ಸೊಗಸಾದ ದಾರಿಯೊಂದಿದೆ. ತಾಯಿಗೆ ಡ್ಯುಟೀರಿಯಂ ಎಂಬ ಭಾರದ ಹೈಡ್ರೋಜನ್ ಇರುವ, ವಿಕಿರಣವಿಲ್ಲದ ನೀರನ್ನು ಸ್ವಲ್ಪ ಕುಡಿಸಿ, ಎರಡು ವಾರ ತಾಯಿಯ ಮತ್ತು ಮಗುವಿನ ಜೊಲ್ಲನ್ನು ಆಗಾಗ ಪರೀಕ್ಷಿಸುತ್ತಾರೆ. ಮಗುವಿನ ಜೊಲ್ಲಿಗೆ ಆ ಗುರುತು ಬರಲು ಹಾಲೊಂದೇ ದಾರಿ. ಆದ್ದರಿಂದ ಎಷ್ಟು ಹಾಲು ಕುಡಿದಿದೆ, ಹೊರಗಿನ ನೀರು ಎಷ್ಟು ಸೇರಿದೆ ಎರಡೂ ತಿಳಿಯುತ್ತವೆ. ಇದು ಸಂಶೋಧನೆಯ ಸಾಧನ, ಮನೆಯ ಸಾಧನವಲ್ಲ. ಮನೆಗೆ ತೂಕದ ಗೆರೆ ಮತ್ತು ಒದ್ದೆಯಾಗುವ ಬಟ್ಟೆಗಳ ಎಣಿಕೆ ಸಾಕು.

ನಿಜವಾಗಿಯೂ ಹಾಲು ಕಡಿಮೆಯಾಗುವವರು ಇಲ್ಲವೆಂದಲ್ಲ. ಹೆರಿಗೆಯಲ್ಲಿ ತೀವ್ರ ರಕ್ತಸ್ರಾವವಾದವರು, ಗರ್ಭಕೋಶದಲ್ಲಿ ಮಾಸಿನ ಚೂರು ಉಳಿದವರು, ಥೈರಾಯ್ಡ್ ಕುಂದಿದವರು, ಸ್ತನದ ಶಸ್ತ್ರಚಿಕಿತ್ಸೆಯಾದವರು, ಹಾಲಿನ ಗ್ರಂಥಿಗಳೇ ಸರಿಯಾಗಿ ಬೆಳೆಯದವರು ಇರುತ್ತಾರೆ. ಅಂಥವರಿಗೆ ‘ಇನ್ನಷ್ಟು ಪ್ರಯತ್ನ ಮಾಡು’ ಎನ್ನುವುದು ಕ್ರೂರ. ಆದರೆ ನಿಮ್ಮ ಮಗಳ ತೂಕ ನೋಡಿದರೆ ನೀವು ಆ ಸಾಲಿನಲ್ಲಿಲ್ಲ.

ಇನ್ನು ಎರಡನೆಯ ಗುಂಪು. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ಕೊಬ್ಬಿನದ್ದಲ್ಲ, ‘ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, ಹಾಲು ಮೊಸರೂ ಅಷ್ಟಕ್ಕಷ್ಟೇ’ ಎಂಬುದು. ಬಿ ಗುಂಪಿನ ಬಹುತೇಕ ವಿಟಮಿನ್‌ಗಳು, ವಿಟಮಿನ್ ಎ, ವಿಟಮಿನ್ ಡಿ, ಅಯೋಡಿನ್, ಸೆಲೆನಿಯಂ, ಕೋಲಿನ್ ಇವು ತಾಯಿಯಲ್ಲಿ ಇಳಿದರೆ ಹಾಲಿನಲ್ಲೂ ಇಳಿಯುತ್ತವೆ. ಇಲ್ಲಿ ಮೈ ಅಡ್ಡ ನಿಂತು ಕಾಯುವುದಿಲ್ಲ. ಇವುಗಳಲ್ಲಿ ನಿಮಗೆ ಮುಖ್ಯವಾದದ್ದು ಬಿ12.

ಬಿ12 ತಯಾರಿಸುವುದು ಬ್ಯಾಕ್ಟೀರಿಯಾಗಳು. ನಮಗೆ ಅದು ಸಿಗುವುದು ಪ್ರಾಣಿಮೂಲದ ಆಹಾರದಿಂದ, ಅದನ್ನು ಬೆರೆಸಿದ ಆಹಾರದಿಂದ, ಇಲ್ಲವೇ ಮಾತ್ರೆಯಿಂದ. ದೊಡ್ಡವರ ಯಕೃತ್ತಿನಲ್ಲಿ ವರ್ಷಗಳಿಗೆ ಸಾಲುವಷ್ಟು ದಾಸ್ತಾನು ಇರಬಹುದಾದ್ದರಿಂದ ತಾಯಿಗೆ ತನ್ನ ಕೊರತೆ ಗೊತ್ತೇ ಆಗದೆ ಇರಬಹುದು. ಕೂಸಿಗೆ ಅಂಥ ದಾಸ್ತಾನಿಲ್ಲ. ಗರ್ಭದಲ್ಲಿ ಕಡಿಮೆ ಸಿಕ್ಕು, ಹಾಲಿನಲ್ಲೂ ಕಡಿಮೆ ಸಿಕ್ಕರೆ ಕೆಲವೇ ತಿಂಗಳಲ್ಲಿ ಬರಿದಾಗುತ್ತದೆ. ಚೆನ್ನಾಗಿ ಬೆಳೆಯುತ್ತಿದ್ದ ಮಗು ನಾಲ್ಕು, ಐದು, ಆರು ತಿಂಗಳಿನ ಸುಮಾರಿಗೆ ಮಂಕಾಗುತ್ತದೆ. ನಗುವುದು ಕಡಿಮೆಯಾಗುತ್ತದೆ, ನಿಂತಿದ್ದ ಕತ್ತು ಮತ್ತೆ ವಾಲುತ್ತದೆ, ರಕ್ತಹೀನತೆ ಬರುತ್ತದೆ, ಕೆಲವಕ್ಕೆ ನಡುಕವೂ ಬರುತ್ತದೆ. ಬೇಗ ಹಿಡಿದರೆ ಚಿಕಿತ್ಸೆ ಸುಲಭ, ಮಗು ದಿನಗಳಲ್ಲೇ ಚೇತರಿಸಿಕೊಳ್ಳತೊಡಗುತ್ತದೆ. ತಡವಾದರೆ ನರಗಳಿಗೆ ಆದ ಹಾನಿ ಪೂರ್ತಿ ಮರಳದೆ ಇರಬಹುದು. ಗರ್ಭಿಣಿಯಾಗಿದ್ದಾಗ ನೀವು ಫೋಲಿಕ್ ಆಮ್ಲ ನುಂಗಿರುತ್ತೀರಿ. ಅದು ರಕ್ತಹೀನತೆಯನ್ನು ಮುಚ್ಚಿಬಿಡಬಲ್ಲದು, ನರಗಳ ಹಾನಿಯನ್ನು ತಡೆಯಲಾರದು. ಹೀಗಾಗಿ ‘ರಕ್ತ ಚೆನ್ನಾಗಿದೆ’ ಎಂಬ ಹಳೆಯ ವರದಿ ನಂಬಿ ಕೂರಬೇಡಿ. ನಿಮ್ಮ ರಕ್ತದ ಬಿ12 ಪರೀಕ್ಷೆ ಮಾಡಿಸಿ. ಅಂಚಿನಲ್ಲಿದ್ದರೆ, ಬಿ12 ಸಾಲದಾದಾಗ ರಕ್ತದಲ್ಲಿ ಏರುವ ಮೀಥೈಲ್ ಮಲೋನಿಕ್ ಆಮ್ಲ ಅಥವಾ ಹೋಮೋಸಿಸ್ಟೀನ್ ನೋಡಲು ವೈದ್ಯರನ್ನು ಕೇಳಿ. ಕೊಬ್ಬಿನ ಪರೀಕ್ಷೆಗೆ ಕೊಟ್ಟ ಹಣ ಇದಕ್ಕೆ ಹೋಗಿದ್ದರೆ ಸಾರ್ಥಕವಾಗುತ್ತಿತ್ತು.

ಅಯೋಡಿನ್ ಬೇರೆಯದೇ ಕಥೆ. ಸ್ತನಕ್ಕೆ ಅದನ್ನು ರಕ್ತದಿಂದ ಹೀರಿ ಸಾಂದ್ರವಾಗಿಸುವ ವಿಶೇಷ ಪಂಪುಗಳಿವೆ, ಥೈರಾಯ್ಡ್ ಗ್ರಂಥಿಯಲ್ಲಿರುವಂಥವೇ. ಆದರೂ ತಾಯಿಯಲ್ಲೇ ಇಲ್ಲದ್ದನ್ನು ಎಲ್ಲಿಂದ ಹೀರಬೇಕು? ಹಾಲೂಡಿಸುವಾಗ ದಿನಕ್ಕೆ 250 ಮೈಕ್ರೋಗ್ರಾಂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಡುಗೆಯ ಉಪ್ಪು ಅಯೋಡಿನ್ ಬೆರೆಸಿದ್ದೇ ಎಂದು ನೋಡಿಕೊಳ್ಳಿ. ಬೆಲೆ ಹೆಚ್ಚಿನ ‘ಸಹಜ’ ಉಪ್ಪುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಮನೆಯಲ್ಲಿ ಸಿಗರೇಟು ಸೇದುವ ತಾಯಂದಿರಿದ್ದರೆ ಅವರಿಗೂ ಒಂದು ಮಾತು: ಡೆನ್ಮಾರ್ಕಿನಲ್ಲಿ ಅಳೆದಾಗ ಸೇದುವ ತಾಯಂದಿರ ಹಾಲಿನಲ್ಲಿ ಅಯೋಡಿನ್ ಅರ್ಧಕ್ಕೆ ಇಳಿದಿತ್ತು. ಹೊಗೆಯಲ್ಲಿನ ರಾಸಾಯನಿಕದಿಂದ ಉಂಟಾಗುವ ಥಯೋಸಯನೇಟ್ ಆ ಪಂಪಿಗೆ ಅಡ್ಡ ಬರುತ್ತದೆ.

ವಿಟಮಿನ್ ಡಿ ಬಹುತೇಕ ತಾಯಂದಿರ ಹಾಲಿನಲ್ಲೂ ಕಡಿಮೆಯೇ. ಇದನ್ನು ಹಾಲಿನ ದೋಷ ಎಂದು ಹೇಳುವವರಿದ್ದಾರೆ. ಚರ್ಮಕ್ಕೆ ಬಿಸಿಲು ಕಾಣದ ಬದುಕು ನಮ್ಮದು ಎಂದು ನಾನು ಹೇಳುತ್ತೇನೆ. ಮಗುವಿಗೆ ನೇರವಾಗಿ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಹನಿ ಕೊಡುವುದು ರೂಢಿಯಲ್ಲಿರುವ ಸಲಹೆ. ತಾಯಿಗೇ ದಿನಕ್ಕೆ 6,400 ಐಯು ಕೊಟ್ಟು, ಹಾಲಿನ ಮೂಲಕವೇ ಮಗುವಿಗೆ ಸಾಕಷ್ಟು ತಲುಪಿಸಬಹುದು ಎಂದು 2015ರಲ್ಲಿ ಸಂಶೋಧಕರಾದ ಬ್ರೂಸ್ ಹಾಲಿಸ್ ಮತ್ತು ಕ್ಯಾರಲ್ ವ್ಯಾಗ್ನರ್ ತೋರಿಸಿದರು. ಆ ಪ್ರಮಾಣವನ್ನು ವೈದ್ಯರನ್ನು ಕೇಳದೆ ನೀವಾಗಿಯೇ ಶುರುಮಾಡಬೇಡಿ. ಹನಿಯೇ ಸರಳ.

ಕೊಬ್ಬಿನ ಪ್ರಮಾಣ ಊಟಕ್ಕೆ ಬಗ್ಗದಿದ್ದರೂ ಅದರ ಜಾತಿ ಬಗ್ಗುತ್ತದೆ. ಮಿದುಳು ಮತ್ತು ಕಣ್ಣಿಗೆ ಬೇಕಾದ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಜಗತ್ತಿನ ತಾಯಂದಿರ ಹಾಲಿನ ಕೊಬ್ಬಿನಲ್ಲಿ ಸರಾಸರಿ ಶೇ 0.3ರಷ್ಟಿದೆ. ಮೀನು ಹೆಚ್ಚು ತಿನ್ನುವ ಕಡಲತೀರದವರಲ್ಲಿ ಅದು ಬಹಳ ಹೆಚ್ಚು, ತಿನ್ನದವರಲ್ಲಿ ಕಡಿಮೆ. ಪಾಚಿಯಿಂದ ತೆಗೆದ ಡಿಎಚ್‌ಎ ಮಾತ್ರೆ ತೆಗೆದುಕೊಂಡರೆ ಹಾಲಿನಲ್ಲಿ ಅದು ಏರುವುದು ಖಚಿತ. ಹಾಗೆ ಏರಿದ್ದರಿಂದ ಮಗುವಿನ ಬುದ್ಧಿ ಏರಿತೇ ಎಂದು ಹುಡುಕಿದ ಪ್ರಯೋಗಗಳು ಒಂದೇ ಮಾತು ಹೇಳಿಲ್ಲ. ಬೇಕಾದರೆ ತೆಗೆದುಕೊಳ್ಳಿ, ಬಿ12ರ ಹಾಗೆ ಇದು ತುರ್ತಲ್ಲ.

ಕಬ್ಬಿಣದ ವಿಷಯ ಬಂದಿರುವುದರಿಂದ ಹೇಳಿಬಿಡುತ್ತೇನೆ. ಹಾಲಿನಲ್ಲಿ ಅದು ಲೀಟರಿಗೆ ಅರ್ಧ ಮಿಲಿಗ್ರಾಂ ಕೂಡ ಇಲ್ಲ, ನೀವು ಎಷ್ಟು ಮಾತ್ರೆ ನುಂಗಿದರೂ ಏರುವುದಿಲ್ಲ. ಮಗು ಮೊದಲ ತಿಂಗಳುಗಳನ್ನು ಕಳೆಯುವುದು ಗರ್ಭದಲ್ಲಿ ಪಡೆದ ದಾಸ್ತಾನಿನಿಂದ. ಹೊಕ್ಕುಳಬಳ್ಳಿಯನ್ನು ಸ್ವಲ್ಪ ತಡೆದು ಕತ್ತರಿಸಿದ್ದರೆ ಆ ದಾಸ್ತಾನು ಇನ್ನೂ ಹೆಚ್ಚು. ಆರು ತಿಂಗಳ ಹೊತ್ತಿಗೆ ಅದು ತೀರುತ್ತ ಬರುತ್ತದೆ. ಮೇಲಿನ ಆಹಾರ ಆಗಲೇ ಶುರುವಾಗಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ನಿಮ್ಮ ಕಬ್ಬಿಣದ ಮಾತ್ರೆ ನಿಮಗಾಗಿ, ನಿಲ್ಲಿಸಬೇಡಿ.

ಇನ್ನು ಪುಡಿಹಾಲಿನ ಆ ‘ವಿಶೇಷ ಸಕ್ಕರೆ’. ಅದರ ಹಿಂದಿನ ವಿಜ್ಞಾನ ನನ್ನ ಅಚ್ಚುಮೆಚ್ಚು, ಅದನ್ನು ಮಾರುವ ರೀತಿ ಅಲ್ಲ. ಎದೆಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬು ಬಿಟ್ಟರೆ ಅತಿ ಹೆಚ್ಚು ಇರುವ ಘನವಸ್ತು ಈ ಸಕ್ಕರೆಗಳೇ, ಆಲಿಗೊಸ್ಯಾಕರೈಡ್‌ಗಳೆಂಬ ಸಣ್ಣ ಸರಪಳಿಯ ಸಕ್ಕರೆಗಳು. ಲೀಟರಿಗೆ 5ರಿಂದ 15 ಗ್ರಾಂ, ಮೊದಲ ದಿನಗಳ ಹಳದಿ ಹಾಲಿನಲ್ಲಿ ಇನ್ನೂ ಹೆಚ್ಚು. ವಿಚಿತ್ರವೆಂದರೆ ಮಗುವಿಗೆ ಇವನ್ನು ಜೀರ್ಣಿಸಿಕೊಳ್ಳಲು ಬರುವುದಿಲ್ಲ. ಹಾಗಾದರೆ ತಾಯಿ ಇಷ್ಟು ಕಷ್ಟಪಟ್ಟು ತಯಾರಿಸುವುದು ಯಾರಿಗೆ? ಕರುಳಿನಲ್ಲಿ ವಾಸಿಸುವ ಬಿಫಿಡೊಬ್ಯಾಕ್ಟೀರಿಯಂ ಗುಂಪಿನ ಸೂಕ್ಷ್ಮಜೀವಿಗಳಿಗೆ. ಅವು ತಿಂದು ಹೆಚ್ಚಿ, ಕರುಳನ್ನು ಆಮ್ಲೀಯವಾಗಿಸಿ, ರೋಗಾಣುಗಳಿಗೆ ಜಾಗ ಬಿಡುವುದಿಲ್ಲ. ಜತೆಗೆ, ಕೆಲವು ರೋಗಾಣುಗಳು ಕರುಳಿನ ಗೋಡೆ ಎಂದು ಭ್ರಮಿಸಿ ಈ ಸಕ್ಕರೆಗಳಿಗೇ ಅಂಟಿಕೊಂಡು ಹೊರಗೆ ಹೋಗುತ್ತವೆ. ಎದೆಹಾಲಿನಲ್ಲಿ ಇಂಥ ನೂರೈವತ್ತಕ್ಕೂ ಹೆಚ್ಚು ರಚನೆಗಳು ಪತ್ತೆಯಾಗಿವೆ. ಡಬ್ಬಿಯಲ್ಲಿರುವುದು ಒಂದೋ, ಎರಡೋ, ಹೆಚ್ಚೆಂದರೆ ಬೆರಳೆಣಿಕೆಯಷ್ಟು. ಮೊಟ್ಟಮೊದಲು ಡಬ್ಬಿಗೆ ಸೇರಿದ ಸಕ್ಕರೆ ಯಾವುದೋ ಅದು ಬಹಳ ಜನಾಂಗಗಳಲ್ಲಿ ಐದನೆಯ ಒಂದು ಭಾಗದಷ್ಟು ತಾಯಂದಿರ ಹಾಲಿನಲ್ಲಿ ಇರುವುದೇ ಇಲ್ಲ ಎಂಬುದು ಇನ್ನೂ ಸ್ವಾರಸ್ಯ. ಎಫ್‌ಯುಟಿ2 ಎಂಬ ಒಂದು ಜೀನು ಅವರಲ್ಲಿ ಕೆಲಸ ಮಾಡುವುದಿಲ್ಲ, ಅಷ್ಟೇ. ಅವರ ಮಕ್ಕಳೂ ಬೆಳೆಯುತ್ತವೆ. ಯಾವ ಸಕ್ಕರೆ ಎಷ್ಟು ಎಂಬುದನ್ನು ಮುಖ್ಯವಾಗಿ ಜೀನುಗಳು ನಿರ್ಧರಿಸುತ್ತವೆ, ನಿಮ್ಮ ಸಸ್ಯಾಹಾರವಲ್ಲ. ಈ ಸಕ್ಕರೆಗಳ ಜತೆಗೆ ನಿಮ್ಮ ಸುತ್ತಲಿನ ರೋಗಾಣುಗಳನ್ನು ನಿಮ್ಮ ಮೈ ಗುರುತಿಸಿ ತಯಾರಿಸಿದ ಐಜಿಎ ಪ್ರತಿಕಾಯಗಳೂ ನಿಮ್ಮ ಹಾಲಿನಲ್ಲಿವೆ. ಅವು ಯಾವ ಡಬ್ಬಿಯಲ್ಲೂ ಇಲ್ಲ. ಹಾಲು ಬಾರದ ತಾಯಿಗೆ ಪುಡಿಹಾಲು ಜೀವದಾನ. ನಿಮಗೆ ಬದಲಾಯಿಸಲು ಕಾರಣವೇ ಇಲ್ಲ.

ಕೊನೆಯದು ಬುದ್ಧಿಯ ಮಾತು. ಇಲ್ಲಿ ನಮ್ಮ ಕ್ಷೇತ್ರದವರೇ ಉತ್ಪ್ರೇಕ್ಷೆ ಮಾಡಿದ್ದಾರೆ. ಎದೆಹಾಲು ಕುಡಿದ ಮಕ್ಕಳನ್ನೂ ಕುಡಿಯದವರನ್ನೂ ಹೋಲಿಸಿದಾಗ, ಎದೆಹಾಲಿನ ಜತೆಗೆ ತಾಯಿಯ ಓದು, ಆದಾಯ, ಬಿಡುವು ಎಲ್ಲವೂ ಲೆಕ್ಕಕ್ಕೆ ನುಸುಳುತ್ತವೆ. ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿದ ಅಧ್ಯಯನಗಳಲ್ಲಿ ಹಲವು ಲಾಭಗಳು ಕುಗ್ಗಿಹೋದವು. ಎದೆಹಾಲು ಕೊಡಬೇಡಿ ಎಂದು ಚೀಟಿ ಎತ್ತಿ ಹೇಳುವ ಪ್ರಯೋಗವನ್ನು ಯಾರೂ ಮಾಡುವಂತಿಲ್ಲ. ಸಂಶೋಧಕ ಮೈಕೆಲ್ ಕ್ರೇಮರ್ ಇದಕ್ಕೊಂದು ಜಾಣ ಉಪಾಯ ಹುಡುಕಿದರು. ಬೆಲಾರೂಸಿನ 31 ಹೆರಿಗೆ ಆಸ್ಪತ್ರೆಗಳನ್ನು ಚೀಟಿ ಎತ್ತಿ ವಿಂಗಡಿಸಿ, ಕೆಲವುಗಳ ಸಿಬ್ಬಂದಿಗೆ ಹಾಲೂಡಿಸಲು ನೆರವಾಗುವ ತರಬೇತಿ ಕೊಟ್ಟರು, ಉಳಿದವು ಇದ್ದಂತೆಯೇ ಮುಂದುವರಿದವು. 17,046 ತಾಯಿ-ಮಗು ಜೋಡಿಗಳು ಸೇರಿದ್ದರು. ಮೂರನೆಯ ತಿಂಗಳಲ್ಲಿ ಎದೆಹಾಲು ಮಾತ್ರ ಕುಡಿಯುತ್ತಿದ್ದವರು ತರಬೇತಿಯ ಗುಂಪಿನಲ್ಲಿ ಶೇ 43, ಇನ್ನೊಂದರಲ್ಲಿ ಶೇ 6. ಮೊದಲ ವರ್ಷದಲ್ಲಿ ವಾಂತಿಭೇದಿಯ ಸೋಂಕು ಶೇ 13ರಿಂದ 9ಕ್ಕೆ ಇಳಿಯಿತು, ಇಸಬೂ ಕಡಿಮೆಯಾಯಿತು. ಆರೂವರೆ ವರ್ಷದಲ್ಲಿ ಭಾಷೆಗೆ ಸಂಬಂಧಿಸಿದ ಬುದ್ಧಿಮತ್ತೆ 7.5 ಅಂಕ ಹೆಚ್ಚು ಕಂಡಿತು. ಆದರೆ ಅಳೆದ ವೈದ್ಯರಿಗೆ ಮಗು ಯಾವ ಗುಂಪಿನದ್ದು ಎಂದು ಗೊತ್ತಿತ್ತು. ಹದಿನಾರನೆಯ ವಯಸ್ಸಿಗೆ ಆ ಅಂತರ ಒಂದೂವರೆ ಅಂಕದ ಆಸುಪಾಸಿಗೆ ಇಳಿದಿತ್ತು. ಬೊಜ್ಜು ತಡೆಯುತ್ತದೆ ಎಂಬ ಮಾತಿಗೆ ಅಲ್ಲಿ ಆಧಾರವೇ ಸಿಗಲಿಲ್ಲ. ಆದ್ದರಿಂದ ನಾನು ಒತ್ತು ಕೊಡುವುದು ಸೋಂಕು ತಡೆಯುವ ಲಾಭಕ್ಕೆ, ಬುದ್ಧಿಯ ಲಾಭಕ್ಕಲ್ಲ. ನಿಮಗೂ ಲಾಭವಿದೆ: ಹಾಲೂಡಿಸಿದ ಪ್ರತಿ ಹನ್ನೆರಡು ತಿಂಗಳಿಗೆ ಸ್ತನ ಕ್ಯಾನ್ಸರಿನ ಅಪಾಯ ಶೇ 4ರಷ್ಟು ಇಳಿಯುತ್ತದೆ ಎಂದು 2002ರ ದೊಡ್ಡ ವಿಶ್ಲೇಷಣೆಯೊಂದು ಲೆಕ್ಕ ಹಾಕಿದೆ. ಬೆಲಾರೂಸಿನ ಪ್ರಯೋಗ ಹೋಲಿಸಿದ್ದು ಹಾಲೂಡಿಸಲು ನೆರವು ಸಿಕ್ಕವರನ್ನೂ ಸಿಗದವರನ್ನೂ. ಯಾರ ಹಾಲಿನಲ್ಲಿ ಎಷ್ಟು ಕೊಬ್ಬು ಎಂಬುದನ್ನಲ್ಲ. ಹಾಗಾಗಿ, ಹೌದು, ಅಲ್ಲಿ ಕಂಡದ್ದು ನಿಮ್ಮ ಹಾಲಿಗೂ ಅನ್ವಯಿಸುತ್ತದೆ.

ಇದು ತಿನ್ನಬೇಡ, ಅದು ಮುಟ್ಟಬೇಡ ಎಂಬ ಪಟ್ಟಿಯನ್ನು ಯಾರಾದರೂ ಕೊಟ್ಟಿದ್ದರೆ ಅದನ್ನೂ ವರದಿಯ ಜತೆಗೇ ಮಡಿಸಿಡಿ. ತಾಯಂದಿರಿಗೆ ಬೆಳ್ಳುಳ್ಳಿ ಕೊಟ್ಟು ನೋಡಿದ ಜೂಲಿ ಮೆನೆಲ್ಲಾ ಅವರ 1991ರ ಪ್ರಯೋಗದಲ್ಲಿ ಹಾಲಿಗೆ ವಾಸನೆ ಬಂದದ್ದೇನೋ ನಿಜ. ಆದರೆ ಮಕ್ಕಳು ಮುಖ ತಿರುಗಿಸಲಿಲ್ಲ, ಇನ್ನಷ್ಟು ಹೊತ್ತು ಎದೆಗೆ ಅಂಟಿಕೊಂಡವು. ಕಾಫಿ ಮಿತವಾಗಿರಲಿ, ಮದ್ಯ ಬೇಡ.

ಈ ವಾರ ನಿಮ್ಮ ಬಿ12 ಪರೀಕ್ಷೆಗೆ ರಕ್ತ ಕೊಡಿ, ಫಲಿತಾಂಶ ಕಡಿಮೆ ಬಂದರೆ ನಿಮ್ಮ ಜತೆ ಮಗುವನ್ನೂ ಮಕ್ಕಳ ವೈದ್ಯರಿಗೆ ತೋರಿಸಿ. ಡಿ ಹನಿ ಶುರುವಾಗಿಲ್ಲದಿದ್ದರೆ ಅದನ್ನೂ ಅಲ್ಲೇ ಕೇಳಿ. ಮಗಳ ತೂಕದ ಗೆರೆ ತಿಂಗಳಿನಿಂದ ತಿಂಗಳಿಗೆ ಕೆಳಗಿನ ಗೆರೆಗಳತ್ತ ಜಾರಿದರೆ, ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಉಚ್ಚೆ ಹೋದರೆ, ಅಥವಾ ಅವಳು ನಗುವುದನ್ನು, ಕತ್ತು ಎತ್ತುವುದನ್ನು ಬಿಟ್ಟರೆ ಮುಂದಿನ ತಿಂಗಳ ಭೇಟಿಗೆ ಕಾಯದೆ ಅಂದೇ ಹೋಗಿ.